ನಾಖುದಾ ಒರಗುತ್ತಿದ್ದ ಗೋಡೆ

ಸಿಂಚನಾ, ಪ್ರಜ್ವಲ್, ನೀವು ನನಗೆ ತರಲು ಹೇಳಿದ್ದು ಕುದುರೆಯ ಸುದ್ದಿ. ಶಾಲೆಯಿಂದ ಹಂಪಿಗೆ ಹೋದಾಗ ಮಹಾನವಮಿ ದಿಬ್ಬದ ಕಲ್ಲಿನ ಮೇಲೆ ಗಡ್ಡದವರು ಕುದುರೆ ಹಿಡಿದು ನಿಂತಿರುವುದನ್ನು ನೋಡಿ ಬಂದಿದ್ದಿರಿ. ಅವರು ಅರಬರು, ಸಮುದ್ರದ ಆಚೆಯಿಂದ ಹಡಗಿನಲ್ಲಿ ಕುದುರೆ ತರುತ್ತಿದ್ದರು ಎಂದು ನಿಮ್ಮ ಮೇಷ್ಟ್ರು ಹೇಳಿದ್ದರಂತೆ. ನಾನು ಹೊರಡುವ ದಿನ ಪ್ರಜ್ವಲ್ ಸೆರಗು ಹಿಡಿದು, "ಅಜ್ಜೀ, ಹೆಂಗೂ ಅದ ಕಡಿಗೆ ಹೊಂಟೀದಿ. ಹಡಗಿನ್ಯಾಗ ಕುದುರಿ ಬೀಳದಂಗ ಹೆಂಗ ನಿಂದರಸ್ತಿದ್ರು ಅಂತ ಕೇಳ್ಕೊಂಡು ಬಾ" ಎಂದಿದ್ದ. ಕೇಳಿದೆ. ಆದರೆ ನಾನು ತಂದಿರುವುದು ಒಂದು ಗೋಡೆಯ ಸುದ್ದಿ.

ಬಾಯಲ್ಲಿ ಹೇಳಲು ಹೋದರೆ ನೀವಿಬ್ಬರೂ ನಡುವೆ ನಡುವೆ ಪ್ರಶ್ನೆ ಹಾಕುತ್ತೀರಿ, ನಾನು ತಬ್ಬಿಬ್ಬಾಗುತ್ತೇನೆ. ನಾಲ್ಕು ಜನರ ಮುಂದೆ ಮಾತಾಡು ಎಂದರೆ ಇಂದಿಗೂ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಸಂಡೂರಿನ ಪಕ್ಕದ ನನ್ನ ತವರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು. ಆಗಲೂ ಮೇಷ್ಟ್ರು ಪದ್ಯ ಹೇಳು ಎಂದರೆ ಅಳು ಬರುತ್ತಿತ್ತು, ಬರೆ ಎಂದರೆ ಬರೆದುಬಿಡುತ್ತಿದ್ದೆ. ಈಗಲೂ ಹಾಗೇ. ಅದಕ್ಕೇ ಬರೆಯುತ್ತಿದ್ದೇನೆ.

ಕಂಪ್ಲಿಯಿಂದ ಹೊರಟಿದ್ದು

ನಿಮ್ಮ ಸೋದರತ್ತೆ ರೇಣುಕಾ ಓಮನ್ ದೇಶದ ದಕ್ಷಿಣದ ತುದಿಯಲ್ಲಿ, ಸಮುದ್ರದ ದಂಡೆಯ ಸಲಾಲಾ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವುದು ನಿಮಗೆ ಗೊತ್ತು. ಪ್ರತಿ ವರ್ಷ ಕರೆಯುತ್ತಿದ್ದಳು. ನಾನು ಒಮ್ಮೆ ಭತ್ತದ ನಾಟಿ ಎಂದೆ, ಒಮ್ಮೆ ಮೊಣಕಾಲು ಎಂದೆ, ಒಮ್ಮೆ ಏನೂ ಸಿಗದೆ ಬೆಕ್ಕು ಮರಿ ಹಾಕಿದೆ ಎಂದೆ. ಈ ಸಲ ಅವಳು ಕೇಳದೆ ಟಿಕೆಟ್ಟನ್ನೇ ಕಳಿಸಿದಳು.

ಚೀಲ ತುಂಬಿದವಳು ನಿಮ್ಮವ್ವ ಶೋಭಾ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುಣಸೆಹಣ್ಣು, ಅಳಿಯನಿಗೆಂದು ಸಂಡೂರಿನಿಂದ ತರಿಸಿದ್ದ ಹಪ್ಪಳ. ಎಲ್ಲಕ್ಕಿಂತ ಮೇಲೆ ನನ್ನ ಹಳದಿ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಇಟ್ಟಳು.

"ಅತ್ತೀ, ಅಲ್ಲಿ ರೇಣುಕಾನ ಮನಿ ಗ್ವಾಡಿ ಹೊಸಾವು ಅಂತ. ನೀವು ಎಣ್ಣಿ ತಲಿ ಇಟ್ಗೊಂಡು ಹಂಗ ಒರಗಬ್ಯಾಡ್ರಿ. ಇದನ್ನ ಹಿಂದ ಹಾಕ್ಯಾರ ಒರಗ್ರಿ."

"ಆತವ್ವಾ" ಎಂದೆ. ಈ ಟವೆಲ್ ನಿಮಗೂ ಗೊತ್ತು. ನಮ್ಮ ಪಡಸಾಲೆಯ ಗೋಡೆಗೆ ಪುಟ್ಟಿ ಹಾಕಿ ಬಣ್ಣ ಹೊಡೆಸಿದ ಮೇಲೆ, ನಾನು ಎಲ್ಲಿ ಕುಂತರೂ ನಿಮ್ಮವ್ವ ಅದನ್ನು ಹಿಡಿದು ಬರುತ್ತಾಳೆ. ಸಿಟ್ಟಿನಿಂದಲ್ಲ. ಅವಳಿಗೆ ಮನೆ ಸ್ವಚ್ಛ ಇರಬೇಕು, ಅಷ್ಟೆ.

ಹೊಸಪೇಟೆಯ ಒಬ್ಬ ಹುಡುಗಿ ರೇಣುಕಾಳ ಆಸ್ಪತ್ರೆಯಲ್ಲೇ ಕೆಲಸ ಮಾಡುವವಳು, ರಜೆ ಮುಗಿಸಿ ಹೊರಟಿದ್ದಳು. ಅವಳ ಹಿಂದೆ ಕರುವಿನ ಹಾಗೆ ನಡೆದೆ. ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲವನ್ನು ಯಂತ್ರದೊಳಗೆ ಕಳಿಸಿದರು. ಆಚೆ ಬದಿಗೆ ಬಂದಾಗ ಸಮವಸ್ತ್ರದ ಹುಡುಗಿಯೊಬ್ಬಳು ನನ್ನ ಕೊಬ್ಬರಿ ಎಣ್ಣೆ ಬಾಟಲಿಯನ್ನು ಎತ್ತಿ ಹಿಡಿದಿದ್ದಳು. ಇಷ್ಟು ದೊಡ್ಡದನ್ನು ಒಳಗೆ ಒಯ್ಯುವಂತಿಲ್ಲವಂತೆ. ಗಾಣದಲ್ಲಿ ಆಡಿಸಿ ತಂದ ಎಣ್ಣೆ ಎಂದು ಹೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಆಕೆ ಅದನ್ನು ಕಸದ ಡಬ್ಬಿಗೆ ಹಾಕಿದಳು. ಹೊಸಪೇಟೆಯ ಹುಡುಗಿ, "ದೊಡ್ಡವ್ವ, ಒಂದಿಷ್ಟು ತಲಿಗಾದ್ರೂ ಬಡ್ಕೊಬೇಕಿತ್ತು ನೋಡ್ರಿ" ಎಂದು ನಕ್ಕಳು.

ವಿಮಾನದ ಕಿಟಕಿಯಿಂದ ಮೊದಲ ಸಲ ಸಮುದ್ರ ಕಂಡಿತು. ತುಂಗಭದ್ರಾ ಡ್ಯಾಮಿನ ಹಿನ್ನೀರಿನ ಹಾಗೆಯೇ ಇದೆಯಲ್ಲ ಎನಿಸಿತು. ಆಮೇಲೆ ದಂಡೆ ಬರಲಿ ಎಂದು ಕಾದೆ. ಬರಲೇ ಇಲ್ಲ. ಕಾಯುತ್ತಾ ನಿದ್ದೆ ಹೋದೆ.

ಸಲಾಲಾ

ಅರಬರ ದೇಶವೆಂದರೆ ಬರೀ ಮರಳು ಎಂದುಕೊಂಡು ಹೋಗಿದ್ದೆ. ಕಾರಿನಿಂದ ನೋಡಿದರೆ ರಸ್ತೆಯ ಎರಡೂ ಬದಿಗೆ ಬಾಳೆತೋಟ, ತೆಂಗಿನಮರ, ಪಪ್ಪಾಯಿ. ರಸ್ತೆಯ ಪಕ್ಕ ಎಳನೀರಿನ ರಾಶಿ ಹಾಕಿಕೊಂಡು ಕುಳಿತ ಅಂಗಡಿಗಳು. ಕಮಲಾಪುರದ ದಾರಿಯಲ್ಲೇ ಹೊರಟಿದ್ದೇನೆ ಅನ್ನಿಸಿತು. ನಮ್ಮಲ್ಲಿ ಎಮ್ಮೆಗಳು ರಸ್ತೆಗೆ ಅಡ್ಡ ನಿಂತು ಹಾರ್ನ್ ಹೊಡೆದವರನ್ನು ನೋಡುತ್ತವಲ್ಲ, ಅಲ್ಲಿ ಆ ಕೆಲಸವನ್ನು ಒಂಟೆಗಳು ಮಾಡುತ್ತವೆ. ಮುಖದಲ್ಲಿ ಅದೇ ಬೇಜಾರು.

ರೇಣುಕಾಳ ಮನೆ ಎರಡು ಕೋಣೆಯದು. ತೊಂದರೆ ಶುರುವಾದದ್ದು ಅಲ್ಲೇ. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ನೇರ ಮಾತಾಡುವುದಿಲ್ಲ. ಅವನು ಬಂದರೆ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಹೋಗಬೇಕು. ನಿಮ್ಮ ಮಾವ ಹನುಮಂತನೂ ಸಂಡೂರಿನ ಹುಡುಗ, ಅವನಿಗೂ ಅದು ಗೊತ್ತು. ಬಾಗಿಲಲ್ಲಿ ನಿಂತು ಜೋರಾಗಿ ಕೆಮ್ಮಿ ಒಳಗೆ ಬರುತ್ತಿದ್ದ. ಅವನು ಹಾಲಿಗೆ ಬಂದರೆ ನಾನು ಅಡುಗೆಮನೆಗೆ, ನೀರು ಕುಡಿಯಲು ಅಡುಗೆಮನೆಗೆ ಬಂದರೆ ನಾನು ಬಚ್ಚಲಿಗೆ.

"ಯವ್ವಾ, ಇರಾದ ಎರಡು ಖೋಲಿ. ನೀ ಎಲ್ಲಿಗಂತ ಅಡಗ್ಕೊಂತಿ?" ಎಂದು ರೇಣುಕಾ ಹೊಟ್ಟೆ ಹಿಡಿದು ನಕ್ಕಳು. "ಬಾಲ್ಕನ್ಯಾಗ ನಿಂದರಬ್ಯಾಡ ಮತ್ತ, ಬಿಸಲಿಗೆ ಹಪ್ಪಳ ಆಗ್ತಿ."

ಹನುಮಂತ ಹಿಂದೆ ಸಂಡೂರಿನ ಗಣಿಯಲ್ಲಿ ದೊಡ್ಡ ಯಂತ್ರ ನಡೆಸುತ್ತಿದ್ದವನು. ಈಗ ಅಲ್ಲಿ ಹಳೆಯ ಮನೆಗಳನ್ನು ರಿಪೇರಿ ಮಾಡುವ ಒಬ್ಬ ಗುತ್ತಿಗೆದಾರನ ಬಳಿ ಮೇಸ್ತ್ರಿ. ಊಟಕ್ಕೆ ಕುಳಿತಾಗ ರೇಣುಕಾಳಿಗೆ ಹೇಳುವ ಹಾಗೆ, ನನಗೆ ಕೇಳಿಸಲಿ ಎಂದು ಹೇಳುತ್ತಿದ್ದ: "ಅಲ್ಲಿ ಇಡೀ ಗುಡ್ಡಾನ ಕೆಡವ್ತಿದ್ದೆ. ಇಲ್ಲಿ ಒಂದು ಗ್ವಾಡಿ ಬೀಳದಂಗ ಹಿಡಿಯಾಕ ಎಲ್ಲಾ ಜೀವ ಹೋಗ್ತೈತಿ. ನಿಮ್ಮವ್ವಗ ತೋರಿಸ್ಬೇಕು ಒಂದಿನ."

ಮಿರ್ಬಾತ್

ಆ ಒಂದು ದಿನ ಬಂತು. ರೇಣುಕಾಳಿಗೆ ರಜೆ ಇತ್ತು, ಮೂವರೂ ಹೊರಟೆವು. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹುಲ್ಲು ಒಣಗಿ ನಿಂತ ಗುಡ್ಡಗಳು. ಬೇಸಿಗೆಯಲ್ಲಿ ಸಂಡೂರಿನ ಗುಡ್ಡ ಕಂಡ ಹಾಗೆ, ಆದರೆ ಮಣ್ಣು ಕೆಂಪಲ್ಲ. ಇನ್ನು ಸ್ವಲ್ಪ ದಿನಕ್ಕೆ ಜಿಟಿಜಿಟಿ ಮಳೆ ಹಿಡಿದರೆ ಆ ಗುಡ್ಡಗಳೆಲ್ಲ ಹಸಿರಾಗುತ್ತವಂತೆ. ನಮ್ಮ ಮಳೆಯ ಹಾಗೆ ಬಡಿಯುವುದಿಲ್ಲವಂತೆ, ಮೂರು ತಿಂಗಳು ಮಂಜಿನ ಹಾಗೆ ಗಾಳಿಯಲ್ಲೇ ನಿಲ್ಲುತ್ತದಂತೆ. ಹನುಮಂತನ ಅವಸರ ಅದೇ. ಮಳೆ ಹಿಡಿಯುವ ಮುಂಚೆ ಮನೆಯ ಕೆಲಸ ಮುಗಿಯಬೇಕು.

ಮಿರ್ಬಾತ್ ಸಣ್ಣ ಊರು. ಸಮುದ್ರದ ಕಡೆ ಹಳೆಯ ಓಣಿ, ಹಿಂದೆ ಹೊಸ ಊರು. ಹಳೆಯ ಓಣಿಯಲ್ಲಿ ಎಷ್ಟೋ ಮನೆಗಳು ಮೊಣಕಾಲು ಮಡಚಿ ಕೂತುಬಿಟ್ಟಿವೆ. ಮಾಳಿಗೆ ಕುಸಿದು, ಗೋಡೆಯ ಒಳಗಿನ ಕಲ್ಲು ಮಣ್ಣು ಹೊರಗೆ ಕಾಣುತ್ತಿದೆ. ಆದರೂ ಕಿಟಕಿಗಳು ಮಾತ್ರ ನಿಂತಿವೆ. ಮರದ ಕಿಟಕಿ, ಬಾಗಿಲಿನ ತುಂಬ ಬಳ್ಳಿ, ಹೂವು, ಚೌಕಳಿ ಕೆತ್ತನೆ. ಆ ಮರದಲ್ಲಿ ಎಷ್ಟೋ ನಮ್ಮ ದೇಶದ ಕರಾವಳಿಯಿಂದ ಹಡಗಿನಲ್ಲಿ ಹೋದದ್ದಂತೆ. ನನಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು. ಒಂದು ಕಿಟಕಿಯ ಚೌಕಟ್ಟನ್ನು ಯಾರೂ ನೋಡದಾಗ ಮುಟ್ಟಿ ಬಂದೆ.

ಹಂಪಿ ಬಜಾರಿನ ಕಲ್ಲು ಮಂಟಪಗಳ ಕಂಬಗಳ ನಡುವೆ ಜನ ಸಂಸಾರ ಹೂಡಿದ್ದ ಕಾಲವನ್ನು ನಾನು ನೋಡಿದ್ದೇನೆ. ನನ್ನ ಸೋದರತ್ತೆಯೊಬ್ಬಳು ಅಲ್ಲಿ ಚಹಾ ಕಾಸುತ್ತಿದ್ದಳು. ಈಗ ಅವು ಖಾಲಿ, ಗಾಳಿ ಆಡುತ್ತದೆ. ನೋಡಲು ಬಂದವರಿಗೆ ಚೆಂದ. ಆದರೆ ಅವಳ ಒಲೆ ಯಾವ ಕಂಬದ ಬುಡದಲ್ಲಿತ್ತು ಎಂದು ಹುಡುಕಿದರೆ ನನಗೇ ಗುರುತು ಹತ್ತುವುದಿಲ್ಲ.

ಹನುಮಂತ ರಿಪೇರಿ ಮಾಡುತ್ತಿದ್ದದ್ದು ಎರಡು ಅಂತಸ್ತಿನ ಮನೆ. ಒಳಗೆ ಹೋದ ಕೂಡಲೇ ತಲೆಯೆತ್ತಿ ನೋಡಿದೆ. ಮರದ ತೊಲೆ, ಅದರ ಮೇಲೆ ಒತ್ತಾಗಿ ಜಂತಿ, ಚಾಪೆ, ಮೇಲೆ ಮಣ್ಣು. ನಮ್ಮ ಹಳೆಯ ಮಾಳಿಗೆ ಮನೆಗಳ ಅಕ್ಕತಂಗಿ. ಕೆಲಸ ನೋಡಿಕೊಳ್ಳುವ ಇಂಜಿನಿಯರ್ ಮರಿಯಮ್ ಎಂಬ ಆ ಊರಿನದೇ ಹುಡುಗಿ. ಕಪ್ಪು ಬಟ್ಟೆಯ ಮೇಲೆಲ್ಲ ಸುಣ್ಣದ ಧೂಳು. ನನ್ನ ಎರಡೂ ಕೈ ಹಿಡಿದು ಏನೋ ಹೇಳಿದಳು. ನಾನು ತಲೆಯಾಡಿಸಿದೆ. ಎಲ್ಲದಕ್ಕೂ ತಲೆಯಾಡಿಸುವುದು ನನ್ನ ರೂಢಿ.

ಆ ರೂಢಿಯಿಂದಲೇ ಪಜೀತಿಯಾದದ್ದು. ಮನೆಯ ಎದುರು ನೆರಳಿನಲ್ಲಿ ಚಾಪೆ ಹಾಸಿ ಒಬ್ಬ ಮುದುಕಿ ಕುಳಿತಿದ್ದಳು. ಆ ಕಡೆಯ ಹೆಂಗಸರ ಮಖಮಲ್ಲಿನ ಅಂಗಿ ಮುಂದೆ ಗಿಡ್ಡ, ಹಿಂದೆ ನೆಲ ಗುಡಿಸುವಷ್ಟು ಉದ್ದ ಇರುತ್ತದೆ. ನನ್ನನ್ನು ಕಂಡು, "ಬೈಠೋ, ಬೈಠೋ" ಎಂದು ಚಾಪೆ ತಟ್ಟಿದಳು. ಹಿಂದಿ ಕೇಳಿ ನನಗೆ ಆಶ್ಚರ್ಯ. ಅವಳ ಗಂಡ ನಾಖುದಾ, ಅಂದರೆ ಹಡಗಿನ ಯಜಮಾನ. ಮುಂಬೈ, ಮಂಗಳೂರಿಗೆಲ್ಲ ಹೋಗಿ ಬರುತ್ತಿದ್ದವನು. ಅವನಿಂದ ಒಂದಿಷ್ಟು ಹಿಂದಿ ಮಾತುಗಳು ಅವಳ ಬಾಯಿಗೂ ಬಂದಿದ್ದವು. ನನ್ನ ಹಿಂದಿಯೂ ಕಂಪ್ಲಿಯ ಸಂತೆಯಲ್ಲಿ ಕಲಿತದ್ದೇ. ಇಬ್ಬರದೂ ಸೇರಿದರೆ ಒಂದು ಮಾತು ಆಗುತ್ತಿತ್ತು. ಅವಳನ್ನು ಎಲ್ಲರೂ ಉಮ್ ಸಯೀದ್ ಎನ್ನುತ್ತಾರೆ, ಸಯೀದನ ತಾಯಿ ಎಂದು ಅರ್ಥ.

ಅವಳು ಚಿಟಿಕೆಯಷ್ಟು ಬಟ್ಟಲಲ್ಲಿ ಕಾಫಿ ಕೊಟ್ಟಳು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಘಮ. ಕುಡಿದು ಕೆಳಗಿಟ್ಟೆ, ತುಂಬಿದಳು. ಮತ್ತೆ ಕುಡಿದೆ, ಮತ್ತೆ ತುಂಬಿದಳು. ಕೊಟ್ಟದ್ದನ್ನು ಬಿಡಬಾರದು ಎಂದು ನಾನು, ಕುಡಿದವರಿಗೆ ಹಾಕಬೇಕು ಎಂದು ಅವಳು. ಕೊನೆಗೆ ಹನುಮಂತ ಬಾಗಿಲಿನಿಂದ ರೇಣುಕಾಳಿಗೆ ಕೂಗಿ ಹೇಳಿದ: "ಏ, ನಿಮ್ಮವ್ವಗ ಬಟ್ಲಾ ಅಳ್ಳಾಡ್ಸಾಕ ಹೇಳು! ಇಲ್ಲಂದ್ರ ಆಯಮ್ಮ ಹಂಡೆ ಖಾಲಿ ಆಗಾಮಟ ಬಿಡಾದಿಲ್ಲ."

ಸಾಕು ಎನ್ನಲು ಬಟ್ಟಲನ್ನು ಹಿಡಿದು ಸ್ವಲ್ಪ ಅಲುಗಿಸಬೇಕಂತೆ. ಮಾತೇ ಬೇಕಿಲ್ಲ. ಇಂಥ ಪದ್ಧತಿ ನಮ್ಮಲ್ಲಿ ಇದ್ದಿದ್ದರೆ ನನ್ನ ಜನ್ಮ ಎಷ್ಟು ಸಲೀಸಾಗಿ ಹೋಗುತ್ತಿತ್ತು ಎಂದುಕೊಂಡೆ.

ನಿಮ್ಮ ಕುದುರೆಯ ಪ್ರಶ್ನೆಯನ್ನು ಆಗಲೇ ಕೇಳಿದೆ. ಉಮ್ ಸಯೀದ್ ಬೆರಳು ಮಡಚಿ ಎಣಿಸಿದಳು. ನಾಖುದಾ ಒಣಮೀನು ಒಯ್ದಿದ್ದ, ಲೋಬಾನ ಒಯ್ದಿದ್ದ, ಆಡು ಒಯ್ದಿದ್ದ. ಆಡುಗಳೇ ಅವನ ಹಾಸಿಗೆ ತಿಂದಿದ್ದವು. ಕುದುರೆ ಅವರ ಮುತ್ತಜ್ಜನ ಮುತ್ತಜ್ಜನ ಕಾಲದ್ದು, ತನಗೇನು ಗೊತ್ತು ಎಂದಳು. ಪ್ರಜ್ವಲ್, ಇಷ್ಟೇ ನೋಡು ನಿನ್ನ ಉತ್ತರ.

ಮನೆ ತೋರಿಸಿ, "ಚಲೋ ಅಂದರ್?" ಎಂದು ಕರೆದೆ. ಅವಳ ಮುಖ ಬದಲಾಯಿತು. ಮಹಡಿಯ ಕಡೆ ಬೆರಳು ಮಾಡಿ, "ಊಪರ್ ನಹೀಂ" ಎಂದಳು.

ವಾಪಸ್ಸು ಬರುವಾಗ ಹನುಮಂತ ವಿಷಯ ಹೇಳಿದ. ಮನೆ ಅವಳದೇ. ನಾಖುದಾ ತೀರಿಕೊಂಡದ್ದು ಮೇಲಿನ ಕೋಣೆಯಲ್ಲಿ. ಆಮೇಲೆ ಮಕ್ಕಳು ಅವಳನ್ನು ಹೊಸ ಊರಿನ ಮನೆಗೆ ಕರೆದೊಯ್ದರು, ಇತ್ತ ಮಾಳಿಗೆ ಒಂದು ಮೂಲೆ ಕುಸಿಯಿತು. ರಿಪೇರಿಗೆ ಮಕ್ಕಳೇ ಒಪ್ಪಿದ್ದು. ಮುಗಿದ ಮೇಲೆ ಮನೆ ಅವರ ಕೈಯಲ್ಲೇ ಇರುತ್ತದೆ, ಊರು ನೋಡಲು ಬಂದವರಿಗೂ ತೋರಿಸುತ್ತಾರೆ. ಶುಕ್ರವಾರ ಮನೆಮಂದಿಯೆಲ್ಲ ಸೇರುವವರಿದ್ದರು. ತಾಯಿಯೇ ಮೊದಲು ಮೇಲೆ ಹತ್ತಬೇಕೆಂದು ಮಕ್ಕಳ ಆಸೆ. ಅವಳು ಮಾತ್ರ ದಿನಾ ಬಂದು ಎದುರಿಗೆ ಕೂರುತ್ತಾಳೆ, ಹೊಸ್ತಿಲು ದಾಟುವುದಿಲ್ಲ. "ಅದು ಈಗ ಮರಿಯಮ್ಮನ ಮನಿ. ನನ್ನ ಮನಿ ಬಿದ್ದು ಹೋತು" ಎನ್ನುತ್ತಾಳಂತೆ.

"ಆಯಮ್ಮ ಒಳಗ ಬರಲಿಲ್ಲಂದ್ರ ನಾವು ಮಾಡಿದ್ದೆಲ್ಲ ಬರೇ ಗಾರಿ ಕೆಲಸ" ಎಂದ ಹನುಮಂತ. ಮೊದಲ ಸಲ ಅವನ ದನಿಯಲ್ಲಿ ನಗೆ ಇರಲಿಲ್ಲ.

ಮೇಲಿನ ಕೋಣೆ

ಶುಕ್ರವಾರದ ಹಿಂದಿನ ದಿನ ರೇಣುಕಾಳಿಗೆ ಆಸ್ಪತ್ರೆಯಲ್ಲಿ ಕೆಲಸ. ಮನೆಯಲ್ಲಿ ಒಬ್ಬಳೇ ಏನು ಮಾಡುತ್ತೀ, ಮುದುಕಿಯ ಜೊತೆಗಾದರೂ ಕೂರು ಎಂದು ನನ್ನನ್ನು ಹನುಮಂತನ ಜೊತೆ ಕಳಿಸಿದಳು. ದಾರಿಯುದ್ದಕ್ಕೂ ಅಳಿಯ ಅತ್ತೆ ಇಬ್ಬರೂ ಕಿಟಕಿಯ ಹೊರಗೆ ಒಂಟೆಗಳನ್ನು ನೋಡಿದ್ದೇ ನೋಡಿದ್ದು.

ಉಮ್ ಸಯೀದ್ ಇನ್ನೂ ಬಂದಿರಲಿಲ್ಲ. ಹನುಮಂತ ಗೋಡೆಗೆ ಹೇಳುವ ಹಾಗೆ, "ಮ್ಯಾಲೆ ಖೋಲಿ ನೋಡಾದಿದ್ರ ನೋಡಬೋದು" ಎಂದ. ಕಿರಿದಾದ ಮೆಟ್ಟಿಲು ಹತ್ತಿ ಹೋದೆ.

ಕೋಣೆಯ ಕಿಟಕಿಗಳು ನೆಲದಿಂದ ಗೇಣುದ್ದ ಮೇಲಷ್ಟೇ. ಕೆಳಗೆ ಕುಳಿತವರಿಗೆ ಸಮುದ್ರ ಕಾಣಲಿ ಎಂದು. ಒಂದು ಗೋಡೆಯ ಮೇಲೆ ಹಳೆಯ ಗಾರೆಯಲ್ಲಿ ಗೀಚಿದ ಒಂದು ಹಡಗಿನ ಚಿತ್ರ, ಹಾಯಿ ಸಮೇತ. ಅದಕ್ಕೆ ಧೂಳು ತಾಗದ ಹಾಗೆ ಬಟ್ಟೆ ಇಳಿಬಿಟ್ಟಿದ್ದರು. ಉಳಿದ ಗೋಡೆಗಳಿಗೆ ಹೊಸ ಸುಣ್ಣ. ಸುಣ್ಣಕ್ಕೆ ಅವರು ನೂರಾ ಎನ್ನುತ್ತಾರೆ. ಹಸಿ ಸುಣ್ಣದ ವಾಸನೆಗೆ ನನಗೆ ನಮ್ಮೂರ ಯುಗಾದಿ ನೆನಪಾಯಿತು.

ಕಿಟಕಿಯ ಪಕ್ಕದ ಒಂದು ಜಾಗ ಮಾತ್ರ ಬಾಕಿ ಇತ್ತು. ಅಲ್ಲಿ ರಫೀಕ್ ಎಂಬ ಬಾಂಗ್ಲಾದೇಶದ ಕೆಲಸಗಾರ ಉಳಿ ಸುತ್ತಿಗೆ ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದ. ಅವನ ಎದುರು, ಕುಳಿತವರ ತಲೆಯ ಎತ್ತರಕ್ಕೆ, ತಟ್ಟೆಯಗಲದ ಒಂದು ಕಂದು ಕಲೆ. ನಡುವೆ ಕಪ್ಪು, ಅಂಚಿಗೆ ಹೋದ ಹಾಗೆ ಹಳದಿ.

"ಎಣ್ಣಿ ಕಲಿ" ಎಂದ ಹನುಮಂತ. "ಎಷ್ಟು ಕೋಟ್ ಸುಣ್ಣ ಹೊಡದ್ರೂ ನಿಲ್ಲವಲ್ದು, ಕೆಳಗಿಂದ ಎದ್ದು ಬರ್ತೈತಿ. ಅದಕ್ಕ ಅಷ್ಟು ಗಾರಿ ಕಿತ್ತು ಹೊಸಾದು ತುಂಬಾದು. ನಾಳೆ ಜನ ಬರ್ತಾರ."

ಅವನು ಹೇಳಿದ್ದು ನಿಜ. ಎಣ್ಣೆಯ ಮೇಲೆ ಸುಣ್ಣ ನಿಲ್ಲುವುದಿಲ್ಲ. ಅದು ನನಗೆ ಗೊತ್ತಿರುವಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಕ್ಕಿಲ್ಲ.

ಮಕ್ಕಳೇ, ನೀವು ನಿಮ್ಮ ತಾತನನ್ನು ನೋಡಿಲ್ಲ. ಅವರು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರು. ಸಂಜೆ ಬರುವಾಗ ಹುಬ್ಬಿನ ತನಕ ತೌಡಿನ ಧೂಳು. ಸ್ನಾನ ಮಾಡಿ, ತಲೆಗೆ ಕೊಬ್ಬರಿ ಎಣ್ಣೆ ಬಡಿದುಕೊಂಡು, ಪಡಸಾಲೆಯ ಗೋಡೆಗೆ ಒರಗಿ ಕೂರುತ್ತಿದ್ದರು. ದಿನಾ ಒಂದೇ ಜಾಗ. ಮಾತು ಕಡಿಮೆ. ನಾನು ರೊಟ್ಟಿ ಬಡಿಯುವುದನ್ನು ನೋಡುತ್ತಾ ಕೂರುವುದೇ ಅವರ ಮಾತು. ಅವರ ತಲೆ ತಾಗಿ ತಾಗಿ ಗೋಡೆಯಲ್ಲಿ ಒಂದು ಕಲೆ ಮೂಡಿತ್ತು. ಬದುಕಿದ್ದಾಗ ಅದಕ್ಕೆ ಬೈದಿದ್ದೇನೆ. ಅವರು ತೀರಿಕೊಂಡ ವರ್ಷ ಸೂತಕದ ಮನೆಯೆಂದು ಸುಣ್ಣವನ್ನೇ ಬಳಿಯಲಿಲ್ಲ. ಮರುವರ್ಷ ಯುಗಾದಿಗೆ ಬಳಿಯುವಾಗ ಕುಂಚ ಆ ಜಾಗದ ಹತ್ತಿರ ಬಂದು ತಾನಾಗಿ ಸುತ್ತು ಹಾಕಿತು. ಆಮೇಲೆ ಪ್ರತಿ ವರ್ಷವೂ ಅದನ್ನು ಬಿಟ್ಟು ಸುತ್ತಲೂ ಬಳಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯ ಅಂತಲೂ ಅನ್ನಿಸಿರಲಿಲ್ಲ.

ನಿಮ್ಮಪ್ಪ ಪೇಂಟರ್ ಕರೆಸಿದ್ದು ನಾನು ತವರಿಗೆ ಹೋಗಿದ್ದಾಗ. ಅವ್ವ ಬರುವಷ್ಟರಲ್ಲಿ ಮನೆ ಹೊಸದಾಗಲಿ ಎಂದು, ಪ್ರೀತಿಯಿಂದ. ಬಂದು ನೋಡಿದರೆ ಗೋಡೆ ಹಾಲಿನ ಹಾಗೆ. "ಹೆಂಗೈತವ್ವಾ?" ಎಂದು ಕೇಳಿದ. "ಚಂದ ಆಗೈತಪ್ಪ" ಎಂದೆ. ಚೆಂದವಾಗಿಯೇ ಇತ್ತು.

ರಫೀಕ್ ಉಳಿಯನ್ನು ಗೋಡೆಗೆ ಇಟ್ಟ.

"ಬ್ಯಾಡ" ಎಂದೆ.

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ರಫೀಕನಿಗೆ ಕನ್ನಡ ಬರುವುದಿಲ್ಲ, ತಿರುಗಿ ನೋಡಿದ. ಹನುಮಂತನೂ ನೋಡಿದ. ಅಳಿಯನ ಕೆಲಸದ ಜಾಗದಲ್ಲಿ ಅತ್ತೆ ಬಾಯಿ ಹಾಕಿದ್ದಳು. ಮುಂದೆ ಏನು ಹೇಳಬೇಕೋ ತಿಳಿಯಲಿಲ್ಲ, ಬಂದ ಮಾತೂ ಹೊರಟುಹೋಯಿತು. ಎರಡು ಹೆಜ್ಜೆ ಮುಂದೆ ಹೋಗಿ, ರಫೀಕನ ಪಕ್ಕದಲ್ಲಿ, ಆ ಕಲೆಯ ಕೆಳಗೆ ನೆಲದ ಮೇಲೆ ಕುಳಿತುಬಿಟ್ಟೆ. ಅಳಿಯನ ಎದುರಿಗೆ, ಕಾಲು ಮಡಚಿಕೊಂಡು, ಗೋಡೆಗೆ ತಲೆ ಒರಗಿಸಿ. ಮುದುಕಿ ಕೂತ ಜಾಗದಲ್ಲಿ ಯಾರು ಉಳಿ ಹೊಡೆಯುತ್ತಾರೆ?

ಕುಳಿತ ಮೇಲೆ ತಿಳಿಯಿತು. ಎದುರಿನ ಕಿಟಕಿಯಲ್ಲಿ ಸರಿಯಾಗಿ ಬಂದರು ಕಾಣುತ್ತಿತ್ತು, ಹಡಗುಗಳು ಬಂದು ನಿಲ್ಲುವ ಜಾಗ. ಆ ಕೋಣೆಯಲ್ಲಿ ಬೇರೆಲ್ಲಿ ಕುಳಿತರೂ ಅದು ಕಾಣುವಂತಿರಲಿಲ್ಲ.

"ಅತ್ತೀ, ಯಾಕ್ರಿ? ತಲಿ ಸುತ್ತಾಕ ಹತ್ತೇತೇನು?" ಎಂದು ಹನುಮಂತ ಗಾಬರಿಯಾದ.

"ಇಲ್ಲಪ್ಪ." ಅವನ ಮುಖ ನೋಡಿಯೇ ಹೇಳಿದೆ. "ಇದು ಕಲಿ ಅಲ್ಲ. ಇಲ್ಲಿ ಯಾರೋ ದಿನಾ ಕುಂದರ್ತಿದ್ರು. ಕೀಳಾಕಿಂತ ಮುಂಚೆ ಆಯಮ್ಮನ್ನ ಒಂದು ಮಾತು ಕೇಳು."

ಅವನು ನನ್ನನ್ನು ನೋಡಿದ, ಗೋಡೆ ನೋಡಿದ, ಕಿಟಕಿ ನೋಡಿದ. ರೇಣುಕಾ ಅವನಿಗೆ ನಮ್ಮ ಪಡಸಾಲೆಯ ಗೋಡೆಯ ವಿಷಯ ಯಾವಾಗಲಾದರೂ ಹೇಳಿದ್ದಳೋ ಏನೋ, ಗೊತ್ತಿಲ್ಲ. ರಫೀಕನ ಕೈಯಿಂದ ಉಳಿ ಇಸಕೊಂಡು ಚೀಲಕ್ಕೆ ಹಾಕಿದ. "ಮರಿಯಮ್ಮನೂ ಬರ್ಲಿ" ಎಂದು ಕೆಳಗೆ ಹೋದ.

ಊಪರ್

ಮರಿಯಮ್ ಬಂದಳು, ನನ್ನ ಪಕ್ಕ ಬಗ್ಗಿ ನೋಡಿದಳು, ಕಿಟಕಿಯ ಕಡೆ ನೋಡಿದಳು. ಮೆಟ್ಟಿಲು ಇಳಿದು ಉಮ್ ಸಯೀದಳ ಬಳಿಗೆ ಹೋದಳು. ಮುದುಕಿ ಅಷ್ಟರಲ್ಲಿ ಬಂದು ತನ್ನ ಚಾಪೆಯ ಮೇಲೆ ಕುಳಿತಿದ್ದಳು. ಪಕ್ಕದ ಕಿಟಕಿಯಿಂದ ಬಗ್ಗಿ ನೋಡಿದರೆ ನನಗೆ ಇಬ್ಬರೂ ಕಾಣುತ್ತಿದ್ದರು. ಮರಿಯಮ್ ತನ್ನ ತಲೆಯ ಹಿಂಭಾಗ ಮುಟ್ಟಿ ತೋರಿಸಿದಳು, ಗೋಡೆಯ ಕಡೆ ಕೈ ಮಾಡಿದಳು. ಮುದುಕಿ ಅಲ್ಲಾಡಲಿಲ್ಲ. ನನಗೆ, ಇನ್ನು ಇವಳು ಎದ್ದು ಮನೆಗೆ ಹೋಗುತ್ತಾಳೆ, ಎಲ್ಲ ನನ್ನಿಂದಲೇ ಕೆಟ್ಟಿತು ಎನಿಸಿತು. ಸುಮ್ಮನಿದ್ದರೆ ಗೋಡೆ ಬೆಳ್ಳಗಾಗಿರುತ್ತಿತ್ತು, ಅಳಿಯನ ಕೆಲಸ ಮುಗಿದಿರುತ್ತಿತ್ತು.

ಆಮೇಲೆ ಅವಳು ಮಂಡಿಯ ಮೇಲೆ ಕೈಯೂರಿ ಎದ್ದಳು.

ನಾನು ಮೆಟ್ಟಿಲ ಬುಡದ ತನಕ ಇಳಿದು ಹೋದೆ. ಅವಳಿಗೂ ಮೊಣಕಾಲು, ನನಗೂ ಮೊಣಕಾಲು. ಒಬ್ಬರ ಕೈ ಒಬ್ಬರು ಹಿಡಿದು ಹತ್ತಿದೆವು. ಒಂದೊಂದು ಮೆಟ್ಟಿಲಿಗೂ ಅವಳು ಅರಬ್ಬಿಯಲ್ಲಿ ದೇವರ ಹೆಸರು ಹೇಳಿದಳು, ನಾನು ಕನ್ನಡದಲ್ಲಿ ಹೇಳಿದೆ.

ಕೋಣೆಯ ಬಾಗಿಲಲ್ಲಿ ನಿಂತು ಹೊಸ ತೊಲೆ ನೋಡಿದಳು, ಬಿಳಿ ಗೋಡೆ ನೋಡಿದಳು, ಮುಖ ಗಟ್ಟಿಯಾಗಿಯೇ ಇತ್ತು. ಕಿಟಕಿಯ ಹತ್ತಿರ ಬಂದಾಗ ಕಲೆ ಕಂಡಿತು. ಅಂಗೈ ಪೂರ್ತಿ ಅದರ ಮೇಲೆ ಇಟ್ಟಳು. "ನಾಖುದಾ" ಎಂದಳು. ಆಮೇಲೆ ಕೈ ಮೂಗಿಗೆ ಹಿಡಿದು ನೋಡಿ ನಕ್ಕಳು. ಸುಣ್ಣದ ವಾಸನೆ ಬಿಟ್ಟು ಮತ್ತೇನು ಬಂದೀತು?

ನಿಧಾನವಾಗಿ ಕುಳಿತು ಒರಗಿದಳು. ಅವಳ ತಲೆ ಕಲೆಗಿಂತ ಗೇಣುದ್ದ ಕೆಳಗೆ ನಿಂತಿತು. ಮೇಲೆ ಕೈ ಮಾಡಿ, "ಲಂಬಾ" ಎಂದಳು, ಅವನು ಉದ್ದ ಇದ್ದ ಎಂದು. ಪಕ್ಕದ ನೆಲ ತಟ್ಟಿದಳು, "ಬೈಠೋ". ಕುಳಿತೆ. ಮರಿಯಮ್ ಜೊತೆ ನಮ್ಮ ಹಿಂದೆ ಹತ್ತಿ ಬಂದ ಹನುಮಂತ ಎದುರಿಗೇ ಇದ್ದ, ಇನ್ನು ಅವನಿಂದ ಮರೆಯಾಗುವುದು ಏನೂ ಉಳಿದಿರಲಿಲ್ಲ.

ಹನುಮಂತ ಅವಳ ಸಂತೋಷ ಕಂಡು ಹುರುಪಾಗಿ, ಹಡಗಿನ ಚಿತ್ರದ ಬಟ್ಟೆ ಸರಿಸಿ, ಬಹಳ ಪುರಾತನದ್ದು ಎಂದು ಹೆಮ್ಮೆಯಿಂದ ತೋರಿಸಿದ. ಉಮ್ ಸಯೀದ್ ನೋಡಿದ ಕೂಡಲೇ ಬೈಯತೊಡಗಿದಳು. ಅದನ್ನು ಮೊಳೆಯಿಂದ ಗೀಚಿದವನು ಸಯೀದನಂತೆ, ಚಿಕ್ಕವನಿದ್ದಾಗ. ಅದಕ್ಕೆ ಅವನಿಗೆ ಚೆನ್ನಾಗಿ ಏಟು ಬಿದ್ದಿತ್ತಂತೆ. ಹನುಮಂತನ ಮುಖ ನೋಡಬೇಕಿತ್ತು ನೀವು. ಮರಿಯಮ್ ನಗುತ್ತಾ ಅವನ ಭುಜ ತಟ್ಟಿ ಏನೋ ಹೇಳಿದಳು. ಅವನು ನನಗೆ ಕನ್ನಡದಲ್ಲಿ ಹೇಳಿದ: "ಇರ್ಲಿ ಬಿಡು, ಸಯೀದಗೂ ಈಗ ಗಡ್ಡ ಬೆಳ್ಳಗಾಗೈತಿ, ಅದೂ ಹಳೇದ ಆತು ಅಂತಾಳ್ರಿ." ನನಗೇ, ನೇರವಾಗಿ ಹೇಳಿದ.

ಕಲೆ ಉಳಿಯುತ್ತದೆ ಎಂದು ಮರಿಯಮ್ ತೀರ್ಮಾನಿಸಿದಳು. ಸುತ್ತ ಸುಣ್ಣ ಬಳಿಯುವುದೊಂದು ಬಾಕಿ. ರಫೀಕ್ ಕುಂಚ ತಂದ. ಉಮ್ ಸಯೀದ್ ಅದನ್ನು ಇಸಕೊಂಡು ನನ್ನ ಕೈಗೆ ಕೊಟ್ಟಳು. ಸೆರಗು ಸಿಕ್ಕಿಸಿ ಬಳಿದೆ. ಅವಳು ಕುಳಿತಲ್ಲಿಂದಲೇ ಬೆರಳು ತೋರಿಸಿ, ಇಲ್ಲಿ ಬಿಡು, ಅಲ್ಲಿ ಸ್ವಲ್ಪ ಹತ್ತಿರ ಬಾ ಎನ್ನುತ್ತಿದ್ದಳು. ಸುತ್ತು ಹಾಕುವುದು ನನ್ನ ಕೈಗೆ ಮರೆತಿರಲಿಲ್ಲ.

ಶುಕ್ರವಾರ ಅವಳೇ ಮೊದಲು ಹತ್ತಿದಳಂತೆ, ಯಾರ ಕೈಯನ್ನೂ ಹಿಡಿಯದೆ. ನಾನು ಹೋಗಿರಲಿಲ್ಲ. ಅಷ್ಟು ಜನರ ನಡುವೆ ನನಗೇನು ಕೆಲಸ? ಸಂಜೆ ಹನುಮಂತ ಬರುವಾಗ ಒಂದು ಬಾಟಲಿ ತಂದ. ಅಲ್ಲಿನ ತೆಂಗಿನದೇ ಎಣ್ಣೆ, ಉಮ್ ಸಯೀದ್ ನನಗೆಂದು ಕಳಿಸಿದ್ದು. ಆ ದಿನ ಅವನು ಬಾಗಿಲಲ್ಲಿ ಕೆಮ್ಮಲಿಲ್ಲ. ನೇರ ಒಳಗೆ ಬಂದು, "ಅತ್ತೀ, ಹಿಡೀರಿ" ಎಂದ. ನಾನೂ ಎದ್ದು ಹೋಗಲಿಲ್ಲ. ರೇಣುಕಾ ನಮ್ಮಿಬ್ಬರನ್ನೂ ನೋಡಿ, "ಏನ್ ಕಾಲ ಬಂತಪಾ" ಎಂದಳು.

ಮತ್ತೆ ಕಂಪ್ಲಿ

ಈ ಸಲ ಎಣ್ಣೆಯನ್ನು ದೊಡ್ಡ ಚೀಲದಲ್ಲಿ, ಹಳದಿ ಟವೆಲ್ಲಿನಲ್ಲಿ ಸುತ್ತಿ ತಂದೆ. ದಾರಿಯಲ್ಲಿ ಮುಚ್ಚಳ ಸಡಿಲಾಗಿ ಟವೆಲ್ ಪೂರ್ತಿ ತೊಯ್ದಿತ್ತು. ಎಣ್ಣೆ ಮಾತ್ರ ಅರ್ಧ ಉಳಿದಿತ್ತು. ಹೊಸಪೇಟೆಯ ರೈಲ್ವೆ ನಿಲ್ದಾಣಕ್ಕೆ ನಿಮ್ಮಪ್ಪ ಬಂದಿದ್ದ. ಕಾಲುವೆಯಲ್ಲಿ ನೀರು ಬಿಟ್ಟಿರಲಿಲ್ಲ, ಗದ್ದೆಗಳು ಖಾಲಿ ಇದ್ದವು, ಆದರೂ ನೋಡಿ ಕಣ್ಣು ತಂಪಾಯಿತು.

ಮಿರ್ಬಾತಿನಲ್ಲಿ ನಡೆದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ರೇಣುಕಾ, ಫೋನಿನಲ್ಲಿ ನಿಮ್ಮವ್ವನಿಗೆ. ನನಗದು ಗೊತ್ತಿರಲಿಲ್ಲ.

ಸ್ನಾನ ಮಾಡಿ, ಉಮ್ ಸಯೀದಳ ಎಣ್ಣೆಯನ್ನು ತಲೆಗೆ ಹಚ್ಚಿಕೊಂಡು ಪಡಸಾಲೆಗೆ ಬಂದೆ. ನೀವಿಬ್ಬರೂ ಚೀಲ ಬಿಚ್ಚಿ ಖರ್ಜೂರಕ್ಕೆ ಜಗಳಾಡುತ್ತಿದ್ದಿರಿ, ನಿಮಗೆ ನೆನಪಿರಲಿಕ್ಕಿಲ್ಲ. ತಾತ ಕೂರುತ್ತಿದ್ದ ಜಾಗದಲ್ಲೇ ಕುಳಿತೆ. ಶೋಭಾ ಅಡುಗೆಮನೆಯಿಂದ ಬಂದಳು. ಭುಜದ ಮೇಲೆ ಒಗೆದ ಬೇರೆ ಟವೆಲ್ ಇತ್ತು. ನಾನು ರೂಢಿಯಂತೆ ತಲೆ ಮುಂದೆ ಮಾಡಿ ಕಾದೆ.

ಅವಳು ಟವೆಲ್ ಕೊಡಲಿಲ್ಲ. ಅದರಲ್ಲಿ ಕೈ ಒರೆಸಿಕೊಂಡಳು. ಒಮ್ಮೆ ನನ್ನ ತಲೆಯನ್ನು, ಒಮ್ಮೆ ಹಾಲಿನಂಥ ಗೋಡೆಯನ್ನು ನೋಡಿದಳು.

"ಅತ್ತೀ, ಎಣ್ಣಿ ಭಾಳ ಹಚ್ಕೊಂಡೀರೇನು?"

"ಹೂಂನವ್ವ."

"ಹಂಗಾರ ಸರಿಯಾಗಿ ಒರಗ್ರಿ" ಎಂದು ಒಳಗೆ ಹೋದಳು.